ಹಿಮ್ಮಡಿಯ ತಿರುವು

ಲಂಡನ್ನಿನ ಬ್ರಿಟಿಷ್ ಮ್ಯೂಸಿಯಂನಲ್ಲಿ ಮಗುವೊಂದರ ಎಡಗಾಲಿನ ಕಾಲುಚೀಲವಿದೆ. ಬಣ್ಣದ ಪಟ್ಟೆಗಳಿರುವ ಈ ಉಣ್ಣೆಯ ಚೀಲ ಸುಮಾರು ಕ್ರಿ.ಶ. 300ರ ಕಾಲದ್ದು. ಈಜಿಪ್ಟಿನ ಆಂಟಿನೊಪೊಲಿಸ್ ಪಟ್ಟಣದ ಕಸದ ತಿಪ್ಪೆಯನ್ನು 1913–14ರಲ್ಲಿ ಅಗೆದಾಗ ಸಿಕ್ಕಿತು. ಅದರಲ್ಲಿ ಕಾಣುವ ಏಳು ಛಾಯೆಗಳನ್ನು ಕೆಂಪು, ನೀಲಿ, ಹಳದಿ ಕೊಡುವ ಮೂರೇ ಗಿಡಗಳ ಬಣ್ಣದಿಂದ ಪಡೆಯಲಾಗಿತ್ತು ಎಂದು 2018ರಲ್ಲಿ ಪ್ರಕಟವಾದ ಸಂಶೋಧನೆ ತೋರಿಸಿತು. ಹೆಬ್ಬೆರಳಿಗೆ ಒಂದು ಗೂಡು, ಉಳಿದ ನಾಲ್ಕು ಬೆರಳಿಗೆ ಇನ್ನೊಂದು. ಉಂಗುಟದ ಚಪ್ಪಲಿ ಮೆಟ್ಟಿದ ನಮಗೆ ಇದರ ಕಾರಣವನ್ನು ಯಾರೂ ವಿವರಿಸಬೇಕಿಲ್ಲ.

ಕನ್ನಡದಲ್ಲಿ ನಾವು ಇದನ್ನು ಕಾಲುಚೀಲ ಎನ್ನುತ್ತೇವೆ. ಆದರೆ ಚೀಲ ನೇರವಾಗಿರುತ್ತದೆ, ಕಾಲು ಹಾಗಲ್ಲ. ನೆಟ್ಟಗೆ ಇಳಿದು ಬಂದ ಕಾಲು ಹಿಮ್ಮಡಿಯಲ್ಲಿ ಮಡಿಸಿಕೊಂಡು ಮುಂದಕ್ಕೆ ಹೊರಳುತ್ತದೆ. ನೇರ ಕೊಳವೆಯನ್ನು ಅಲ್ಲಿ ಹೇಗೆ ಬಾಗಿಸುವುದು? ಕಾಲುಚೀಲದ ಚರಿತ್ರೆಯೆಂದರೆ ಬಹುಮಟ್ಟಿಗೆ ಈ ಒಂದು ಪ್ರಶ್ನೆಗೆ ಕೈಗಳು ಕಂಡುಕೊಂಡ ಉತ್ತರಗಳ ಚರಿತ್ರೆ.

ಆಂಟಿನೊಪೊಲಿಸ್‌ನ ಚೀಲ ನಿಜಕ್ಕೂ ಇಂದಿನ ಅರ್ಥದ ಹೆಣಿಗೆಯಲ್ಲ. ಕಣ್ಣಿರುವ ಒಂದೇ ಸೂಜಿಗೆ ತುಂಡು ನೂಲು ಪೋಣಿಸಿ, ಕುಣಿಕೆಯೊಳಗೆ ಕುಣಿಕೆ ತೂರಿಸುವ ಇನ್ನೂ ಹಳೆಯ ವಿಧಾನ ಅದು. ಕಡ್ಡಿಗಳ ಮೇಲೆ ಎಡೆಬಿಡದ ನೂಲಿನಿಂದ ಹೆಣೆದ ಅತ್ಯಂತ ಹಳೆಯ ಕಾಲುಚೀಲಗಳು ದೊರೆತದ್ದೂ ಈಜಿಪ್ಟಿನಲ್ಲೇ. ಅವು ಇಸ್ಲಾಮಿ ಆಳ್ವಿಕೆಯ ಕಾಲದ, ನೀಲಿ–ಬಿಳಿ ಹತ್ತಿಯವು. ಮುಂದೆ ಈ ವಿದ್ಯೆ ಯೂರೋಪಿನಲ್ಲಿ ಬೆಳೆಯಿತು. 1562ರಲ್ಲಿ ತೀರಿಕೊಂಡ ಫ್ಲಾರೆನ್ಸಿನ ಡಚೆಸ್ ಎಲಿಯನೋರಳ ಸಮಾಧಿಯಲ್ಲಿ ಸಿಕ್ಕ ಕೆಂಪು ರೇಷ್ಮೆಯ ಉದ್ದ ಕಾಲುಚೀಲಗಳಲ್ಲಿ ಹಿಮ್ಮಡಿಗೆ ಬೇರೆಯಾಗಿಯೇ ಆಕಾರ ಕೊಟ್ಟಿದ್ದಾರೆ.

ಆ ಆಕಾರ ಬರುವ ಬಗೆಗಳಲ್ಲಿ ಹೆಚ್ಚು ಬಳಕೆಯಲ್ಲಿರುವುದು ಹೀಗಿದೆ. ಮೊದಲು ನಾಲ್ಕೈದು ಕಡ್ಡಿಗಳ ಮೇಲೆ ಸುತ್ತಾಗಿ ಕಣಕಾಲಿನ ಭಾಗವನ್ನು ಹೆಣೆಯುತ್ತಾರೆ. ಹಿಮ್ಮಡಿಗೆ ಬಂದಾಗ ಅರ್ಧ ಕುಣಿಕೆಗಳನ್ನು ಸುಮ್ಮನೆ ಬಿಟ್ಟು, ಉಳಿದರ್ಧದ ಮೇಲೆ ಮಾತ್ರ ಹಿಂದೆ ಮುಂದೆ ಹೆಣೆದು ಒಂದು ಪಟ್ಟಿ ಮಾಡುತ್ತಾರೆ. ಪಟ್ಟಿ ಸಾಕಷ್ಟು ಉದ್ದವಾದ ಮೇಲೆ ಸಾಲಿನ ಕೊನೆಯವರೆಗೆ ಹೋಗದೆ ನಡುವೆಯೇ ಹಿಂತಿರುಗುತ್ತಾರೆ. ಈ ಗಿಡ್ಡ ಸಾಲುಗಳಿಂದ ಹೆಣಿಗೆ ತಾನಾಗಿ ಬಟ್ಟಲಿನಂತೆ ಬಾಗುತ್ತದೆ. ಬಳಿಕ ಪಟ್ಟಿಯ ಎರಡೂ ಅಂಚಿನಿಂದ ಹೊಸ ಕುಣಿಕೆಗಳನ್ನು ಎತ್ತಿಕೊಂಡು ಮತ್ತೆ ಸುತ್ತಿಗೆ ಸೇರಿಸಿ, ಹೆಚ್ಚಾದವನ್ನು ಒಂದೊಂದಾಗಿ ಕಳೆಯುತ್ತ ಪಾದದ ಕಡೆಗೆ ಸಾಗುತ್ತಾರೆ. ಕತ್ತರಿಯಿಲ್ಲ, ಹೊಲಿಗೆಯಿಲ್ಲ.

ಇದರ ಹಿಂದೆ ಒಂದು ಸಣ್ಣ ಲೆಕ್ಕವಿದೆ. ಮಗುವಿನ ಪಾದದ ಸುತ್ತಳತೆ 16 ಸೆಂಟಿಮೀಟರ್, ನಮ್ಮ ಕೈ ಹೆಣಿಗೆಯಲ್ಲಿ ಸೆಂಟಿಮೀಟರಿಗೆ 3 ಕುಣಿಕೆ ಎಂದುಕೊಳ್ಳೋಣ. ಆಗ 48 ಕುಣಿಕೆ ಬೇಕು. ಆದರೆ ಕಾಲುಚೀಲ ಪಾದದಷ್ಟೇ ಅಗಲವಿದ್ದರೆ ಜಾರುತ್ತದೆ, ಚಪ್ಪೋಡಿನೊಳಗೆ ಮಡಿಕೆಬಿದ್ದು ಬೊಬ್ಬೆ ಏಳಿಸುತ್ತದೆ. ಹೆಣಿಗೆ ಹಿಗ್ಗುವುದರಿಂದ ಸುಮಾರು ಹತ್ತನೇ ಒಂದು ಪಾಲು ಕಡಿಮೆ ಮಾಡಿ 44 ಕುಣಿಕೆ ಇಟ್ಟುಕೊಂಡರೆ ಸರಿ. ಅದರ ಅರ್ಧ, 22, ಹಿಮ್ಮಡಿಗೆ. ತೀರ ಬಿಗಿಯಾದರೂ ತಪ್ಪೇ, ಎಳೆಯ ಬೆರಳುಗಳು ಒತ್ತಿಕೊಳ್ಳುತ್ತವೆ. ಬೋಧಿಸುವವರಿಂದ ಕಲಿಯುವವರಿಗೆ ಈ ಲೆಕ್ಕ ಬಹುಕಾಲ ಬಾಯಲ್ಲೇ ದಾಟಿತು. ಇಂಗ್ಲಿಷಿನಲ್ಲಿ ಅಚ್ಚಾದ ಹೆಣಿಗೆಯ ಸೂಚನೆಗಳಲ್ಲಿ ತಿಳಿದಿರುವ ಅತಿ ಹಳೆಯದು 1655ರದು, ಅದೂ ಕಾಲುಚೀಲದ್ದೇ.

ಅಷ್ಟರಲ್ಲಿ ಯಂತ್ರ ಬಂದಿತ್ತು. 1589ರಲ್ಲಿ ಇಂಗ್ಲೆಂಡಿನ ವಿಲಿಯಂ ಲೀ ಹೆಣಿಗೆಯ ಚೌಕಟ್ಟನ್ನು ಕಂಡುಹಿಡಿದ. ಅದು ಸುತ್ತಾಗಿ ಹೆಣೆಯುತ್ತಿರಲಿಲ್ಲ, ಚಪ್ಪಟೆಯಾಗಿ ಹೆಣೆದದ್ದನ್ನು ಆಮೇಲೆ ಹೊಲಿಯಬೇಕಿತ್ತು. ಆದರೂ ಕೆಲಸ ಬಲ್ಲವನು ಕುಣಿಕೆಗಳನ್ನು ಏರಿಸಿ ಇಳಿಸಿ ಕಾಲಿನ ಆಕಾರ ತರಬಲ್ಲವನಾಗಿದ್ದ. ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ಕೆಲವು ವರ್ತಕರು ಅಗಲವಾದ ಹೆಣಿಗೆ ಬಟ್ಟೆಯನ್ನು ಕತ್ತರಿಸಿ, ಹೊಲಿದು, ಅಗ್ಗದ ಕಾಲುಚೀಲ ಮಾರತೊಡಗಿದರು. ಕತ್ತರಿಸಿದ ಅಂಚಿನಲ್ಲಿ ಕುಣಿಕೆಗಳು ಬಿಚ್ಚಿಕೊಳ್ಳುತ್ತಿದ್ದವು, ಕಸುಬುದಾರರ ಹೆಸರೂ ಕೂಲಿಯೂ ಕೆಡುತ್ತಿದ್ದವು. 1811ರಲ್ಲಿ ನಾಟಿಂಗ್‌ಹ್ಯಾಮ್ ಸುತ್ತ ಲಡ್ಡೈಟರು ಚೌಕಟ್ಟುಗಳನ್ನು ಒಡೆದಾಗ ಅವರ ಅಹವಾಲುಗಳಲ್ಲಿ ಇದೂ ಒಂದು. ಯಂತ್ರ ಒಡೆದವರಿಗೆ ಮರಣದಂಡನೆ ವಿಧಿಸುವ ಮಸೂದೆ ಬಂದಾಗ ಅದನ್ನು ವಿರೋಧಿಸಿ ಕವಿ ಬೈರನ್ 1812ರ ಫೆಬ್ರವರಿಯಲ್ಲಿ ಲಾರ್ಡ್ಸ್ ಸಭೆಯಲ್ಲಿ ತನ್ನ ಮೊದಲ ಭಾಷಣ ಮಾಡಿದ. ಮಸೂದೆ ಕಾಯಿದೆಯಾಯಿತು.

ಯಂತ್ರ ಬಂದ ಮೇಲೂ ಇಂಗ್ಲೆಂಡಿನ ಉತ್ತರದ ಬೆಟ್ಟಸಾಲಿನಲ್ಲಿ ಕೈಹೆಣಿಗೆ ಮುಂದುವರಿಯಿತು. ಬಡ ಕುಟುಂಬಗಳ ಕೈಕೆಲಸ ಅಷ್ಟು ಅಗ್ಗವಾಗಿತ್ತು. ಡೆಂಟ್ ಎಂಬ ಕಣಿವೆಯಲ್ಲಿ ಗಂಡಸರು, ಹೆಂಗಸರು, ಮಕ್ಕಳು ಎಲ್ಲರೂ ಹೆಣೆಯುತ್ತಿದ್ದರು. ರಾತ್ರಿ ಸೌದೆ ಉಳಿಸಲು ಒಂದೇ ಮನೆಯ ಒಲೆಯ ಮುಂದೆ ಸೇರಿ, ಮೈಯನ್ನು ಲಯವಾಗಿ ತೂಗುತ್ತ, ಕಥೆ ಹೇಳುತ್ತ ಹೆಣೆಯುತ್ತಿದ್ದರೆಂದು ವಿಲಿಯಂ ಹೋವಿಟ್ 1838ರಲ್ಲಿ ಬರೆದಿದ್ದಾನೆ.

ಓದಲು ಸೊಗಸಾದ ಚಿತ್ರ. ಅದರ ಇನ್ನೊಂದು ಮುಖ ಕವಿ ರಾಬರ್ಟ್ ಸದಿಯ ‘ದಿ ಡಾಕ್ಟರ್’ ಗ್ರಂಥದ ಕೊನೆಯ ಸಂಪುಟದಲ್ಲಿದೆ. ಹೆಣಿಗೆ ಕಲಿಯಲೆಂದು ಡೆಂಟ್‌ಗೆ ಕಳಿಸಲಾದ ಇಬ್ಬರು ಪುಟ್ಟ ಅಕ್ಕತಂಗಿಯರ ನಿಜಕಥೆ ಅದು. ಅಕ್ಕ ಬೆಟ್ಟಿ ಮುದುಕಿಯಾದ ಮೇಲೆ ಹಳ್ಳಿಯ ಆಡುಮಾತಿನಲ್ಲಿ ಹೇಳಿದ್ದನ್ನು ಹಾಗೆಯೇ ಬರೆದುಕೊಂಡಿದ್ದಾರೆ. ಅಲ್ಲಿ ಅವರಿಗೆ ಬೆಳಗಿನಿಂದ ರಾತ್ರಿಯವರೆಗೆ ಹೆಣಿಗೆಯೇ ಹೆಣಿಗೆ. ತಾಳಲಾರದೆ ಇಬ್ಬರೂ ಹೇಳದೆ ಕೇಳದೆ ಹೊರಟು, ನಡೆದೇ ಮನೆ ಸೇರಿದರು.

ಕೈಯಲ್ಲಿ ಹೆಣೆದ ಕಾಲುಚೀಲವನ್ನು ಇಂದು ನಾವು ಪ್ರೀತಿಯ ಗುರುತು ಎನ್ನುತ್ತೇವೆ. ಹಾಗೆನ್ನಲು ಸಾಧ್ಯವಾದದ್ದು, ಹೆಣೆದರೇ ಊಟ ಎಂಬ ಸ್ಥಿತಿ ಬಹುಪಾಲು ತಪ್ಪಿದ ಮೇಲೆ. ಈಗ ಕಾರ್ಖಾನೆಯ ಕಾಲುಚೀಲದಲ್ಲಿ ಎಳೆದಂತೆ ಹಿಗ್ಗುವ ನೂಲಿರುತ್ತದೆ. ಒಂದೇ ಅಳತೆ ಎರಡು ಮೂರು ವಯಸ್ಸಿನ ಮಕ್ಕಳಿಗೆ ಆಗುತ್ತದೆ, ಯಾರ ಕಾಲನ್ನೂ ಅಳೆಯುವ ಅಗತ್ಯ ಬೀಳುವುದಿಲ್ಲ. ಕೈಯಲ್ಲಿ ಹೆಣೆಯುವವರು ಮಾತ್ರ ಇಂದಿಗೂ ಮಗುವನ್ನು ಕೂರಿಸಿ ಟೇಪು ಸುತ್ತಬೇಕು. ಮೂರು ತಿಂಗಳು ಬಿಟ್ಟು ಮತ್ತೊಮ್ಮೆ ಸುತ್ತಬೇಕು, ಏಕೆಂದರೆ ಅಷ್ಟರಲ್ಲಿ ಕಾಲು ಬೆಳೆದಿರುತ್ತದೆ. ಬೆಟ್ಟಿಯ ಬಾಲ್ಯದ ಕಾಲುಚೀಲಗಳು ಅವಳು ಎಂದೂ ಕಾಣದ ಕಾಲುಗಳಿಗೆ ಹೋದವು. ಆಂಟಿನೊಪೊಲಿಸ್‌ನ ಕಾಲುಚೀಲ ಹೆಣೆದವರಿಗೆ, ಆ ಎಡಗಾಲಿನ ಹೆಬ್ಬೆರಳು ಎಷ್ಟು ದಪ್ಪವಿರಬೇಕೆಂಬುದು ತಿಳಿದಿತ್ತು.