ಎರಡು ಪೈಥಾನ್‌ಗಳ ಸಂಸಾರ

'ಕನ್ನಡ' ಎಂದು ಟೈಪಿಸಿ ಅದರ ಉದ್ದ ಎಷ್ಟೆಂದು ಕೇಳಿದರೆ ನನ್ನ ಲಿನಕ್ಸ್ ಟರ್ಮಿನಲ್ಲಿನಲ್ಲಿ ಪೈಥಾನ್ 2 ಹೇಳುತ್ತಿದ್ದುದು 15. ಪೈಥಾನ್ 3 ಹೇಳುವುದು 5. ಹಳೆಯದು ಬೈಟ್ ಎಣಿಸುತ್ತಿತ್ತು; ಯುಟಿಎಫ್-8ರಲ್ಲಿ ಕನ್ನಡದ ಒಂದೊಂದು ಸಂಕೇತಕ್ಕೂ ಮೂರು ಬೈಟ್. ಹೊಸದು ಸಂಕೇತಗಳನ್ನೇ ಎಣಿಸುತ್ತದೆ. (ನಮ್ಮ ಕಣ್ಣಿಗೆ ಕಾಣುವ ಮೂರಕ್ಷರ ಅದಕ್ಕೂ ಕಾಣುವುದಿಲ್ಲ, ಆ ಮಾತು ಬೇರೆ.)

2008ರ ಡಿಸೆಂಬರ್ 3ರಂದು ಪೈಥಾನ್ 3.0 ಬಂತು. ಹಳೆಯ ಕೋಡ್ ಇದರಲ್ಲಿ ಹಾಗೆಯೇ ಓಡದು ಎಂಬುದು ಗೀಡೊ ವಾನ್ ರೋಸಮ್ ಮತ್ತು ಸಂಗಡಿಗರಿಗೆ ಗೊತ್ತಿತ್ತು. ಗೊತ್ತಿದ್ದೇ ಮಾಡಿದರು. ಪಠ್ಯ ಬೇರೆ, ಬೈಟ್ ಬೇರೆ ಎಂದು ವಿಂಗಡಿಸುವುದು ಅದರ ದೊಡ್ಡ ಕಾರಣಗಳಲ್ಲೊಂದು.

ಅದರ ಖರ್ಚು ನಮ್ಮ ತಲೆಗೆ ಬಂತು. ಪುಣೆಯಲ್ಲಿ ನನ್ನ ತಂಡಕ್ಕಿದ್ದದ್ದು ಒಂದೇ ಸರ್ವರ್, ಎರಡು ವೆಬ್ ಅಪ್ಲಿಕೇಶನ್. ಬಿಲ್ಲಿನದು ಪೈಥಾನ್ 2ರಲ್ಲಿ, ಹೊಸದು 3ರಲ್ಲಿ. ಬಿಲ್ಲಿನದು ಗಿರಾಕಿಯ ಹೆಸರನ್ನು 20 ಬೈಟ್‌ಗೆ ಕತ್ತರಿಸುತ್ತಿತ್ತು. ಇಂಗ್ಲಿಷಿನಲ್ಲಿ ಯಾರಿಗೂ ತೊಂದರೆಯಿಲ್ಲ. ದೇವನಾಗರಿಯಲ್ಲಿ ಆರು ಸಂಕೇತ ಮುಗಿದು, ಏಳನೆಯದು ಅರ್ಧದಲ್ಲೇ ತುಂಡಾಗಿ, ಹೆಸರಿನ ಕೊನೆಗೊಂದು ಪ್ರಶ್ನಾರ್ಥಕ ಚಿಹ್ನೆ. ಆದರೂ ಅದನ್ನು ಬಿಡುವಂತಿರಲಿಲ್ಲ. ಬಿಲ್ ಮುದ್ರಿಸುವ ಲೈಬ್ರರಿ 3ಕ್ಕೆ ಬಂದೇ ಇರಲಿಲ್ಲ.

ನಾನೊಂದು ಜಾಣತನ ಮಾಡಿದೆ. ಸರ್ವರಿನಲ್ಲಿ 'ಪೈಥಾನ್' ಎಂಬ ಹೆಸರನ್ನೇ 3ರ ಕಡೆ ತಿರುಗಿಸಿದೆ. ಅದು ಸೆಂಟ್‌ಓಎಸ್ 6. ಪ್ಯಾಕೇಜ್ ಹಾಕುವ 'ಯಮ್' ತಾನೇ ಪೈಥಾನ್ 2ರಲ್ಲಿ ಬರೆದದ್ದು. ಅದು ಮೇಲೇಳಲೇ ಇಲ್ಲ. ಶುಕ್ರವಾರ ಸಂಜೆ. ಎಲ್ಲ ಮೊದಲಿನಂತೆ ಮಾಡುವಷ್ಟರಲ್ಲಿ ನನ್ನ ಹುಬ್ಬಳ್ಳಿ ಬಸ್ಸು ಕಾತ್ರಜ್ ದಾಟಿತ್ತು.

ಮದ್ದು ಆಗಲೇ ಇತ್ತು. 2007ರಲ್ಲಿ ಇಯಾನ್ ಬಿಕಿಂಗ್ ಬರೆದ ವರ್ಚುವಲ್‌ಎನ್ವ್, ಪ್ರತಿ ಅಪ್ಲಿಕೇಶನ್‌ಗೂ ಅದರದೇ ಪೈಥಾನ್, ಅದರದೇ ಲೈಬ್ರರಿ ಕೊಡುತ್ತದೆ: ಮನೆ ಒಂದೇ, ಒಲೆ ಬೇರೆ. ಅಪಾಚೆಯ ಒಳಗಿನ ಮಾಡ್_ಡಬ್ಲ್ಯುಎಸ್‌ಜಿಐ ತನ್ನನ್ನು ಕಂಪೈಲ್ ಮಾಡಿದ ಪೈಥಾನ್ ಒಂದನ್ನೇ ಬಲ್ಲದು. ಹಾಗಾಗಿ ಅದನ್ನು ಬಿಟ್ಟು, ಎರಡು ಪೋರ್ಟ್‌ಗಳಲ್ಲಿ ಎರಡು ಗುನಿಕಾರ್ನ್ ಓಡಿಸಿ, ಮುಂಬಾಗಿಲಿಗೆ ಎಂಜಿನ್‌ಎಕ್ಸ್ ನಿಲ್ಲಿಸಿದೆವು. ರನ್‌ಟೈಮ್ ಜೊತೆಗೆ ಇಡೀ ಫೈಲ್ ವ್ಯವಸ್ಥೆಯನ್ನೇ ಕಟ್ಟಿಕೊಡುವ ಡಾಕರ್ ಕೂಡ ಮೊದಲು ಹೊರಜಗತ್ತಿಗೆ ಕಂಡದ್ದು 2013ರ ಮಾರ್ಚ್‌ನಲ್ಲಿ, ಪೈಥಾನ್ ಸಮ್ಮೇಳನದಲ್ಲೇ.

ಪೈಥಾನ್ 2ರ ಆಯಸ್ಸು 2015ಕ್ಕೆ ಮುಗಿಯಬೇಕಿತ್ತು. 2014ರಲ್ಲಿ ಅದನ್ನು 2020ಕ್ಕೆ ಮುಂದೂಡಿದರು. ಕೊನೆಯ 2.7.18 ಬಂದದ್ದು 2020ರ ಏಪ್ರಿಲ್‌ನಲ್ಲಿ, ನಾವೆಲ್ಲ ಮನೆಯಲ್ಲಿ ಬಂಧಿಗಳಾಗಿದ್ದಾಗ. ಹನ್ನೆರಡು ವರ್ಷ ಎಳೆದದ್ದು ತಪ್ಪು ಎನ್ನುವವರಿದ್ದಾರೆ. ಒಡೆದದ್ದೇ ತಪ್ಪು ಎಂದರೆ ಮಾತ್ರ ನಾನು ಒಪ್ಪುವುದಿಲ್ಲ. ನಮ್ಮ ಬಿಲ್ಲಿನ ಕೋಡ್ 3ಕ್ಕೆ ಬಂದ ದಿನ ಪರೀಕ್ಷೆಗೆಂದು ಅಮ್ಮನ ಪೂರ್ತಿ ಹೆಸರನ್ನು ಕನ್ನಡದಲ್ಲೇ ಟೈಪಿಸಿ ಮುದ್ರಿಸಿದೆ. ಕೊನೆಯ ಒತ್ತಕ್ಷರದವರೆಗೂ ಬಂತು.