ವಿಕೇಂದ್ರೀಕೃತ ವಿಡಿಯೊ ತಾಣ: ಕಲಾವಿದರಿಗೆ ಆಯೇರಿ ಏಕಿಲ್ಲ?

ಜಮಖಂಡಿ: ಜಮಖಂಡಿ, ಮುಧೋಳ, ಬೀಳಗಿ ಹಾಗೂ ರಬಕವಿ-ಬನಹಟ್ಟಿ ಭಾಗದಲ್ಲಿ ಶ್ರೀಕೃಷ್ಣ ಪಾರಿಜಾತ ಜನಪ್ರಿಯ ಸಣ್ಣಾಟ. ಅಪರಾಳ ತಮ್ಮಣ್ಣ ರಚಿಸಿದ, ಕುಲಗೋಡ ತಮ್ಮಣ್ಣ ರಂಗದಲ್ಲಿ ಬೆಳೆಸಿದ ಈ ಆಟದಲ್ಲಿ ಸತ್ಯಭಾಮೆಯ ಹಾಡಿಗೆ ಮನಸೋತ ಪ್ರೇಕ್ಷಕರು ಕಲಾವಿದರಿಗೆ ಹಣ ನೀಡುವುದುಂಟು. ಕೊಟ್ಟವರ ಹೆಸರನ್ನು ಸಭೆಗೆ ಸಾರಲಾಗುತ್ತದೆ. ಇದೇ ಆಯೇರಿ.

ನೋಡುಗನಿಂದ ಕಲಾವಿದನಿಗೆ ನೇರವಾಗಿ ಹಣ ಸಲ್ಲಬೇಕೆಂಬ ಇದೇ ಆಶಯ ವಿಕೇಂದ್ರೀಕೃತ ವಿಡಿಯೊ ತಾಣಗಳದೂ ಆಗಿದೆ. ಆದರೆ ಅಲ್ಲಿ ಕೈ ಬಿಚ್ಚುವ ನೋಡುಗರು ವಿರಳ.

ಏನಿದು ವ್ಯವಸ್ಥೆ?

ಯೂಟ್ಯೂಬ್‌ನಲ್ಲಿ ಸಂಗ್ರಹ, ಜಾಹೀರಾತು, ಹಣ ಹಂಚಿಕೆ ಎಲ್ಲವೂ ಒಂದೇ ಸಂಸ್ಥೆಯ ಅಧೀನ. ಜಾಹೀರಾತು ಆದಾಯದ ಪಾಲು ಪಡೆಯಲು 1,000 ಚಂದಾದಾರರು ಹಾಗೂ ಹಿಂದಿನ 12 ತಿಂಗಳಲ್ಲಿ 4,000 ಗಂಟೆಗಳ ವೀಕ್ಷಣೆ ಇರಬೇಕೆಂಬುದು 2018ರಿಂದ ಇರುವ ಪ್ರಮುಖ ಮಾನದಂಡ. ಹಣವೂ ಚಾನೆಲ್ ಯಾರದೋ ಅವರಿಗೇ ಸಲ್ಲುತ್ತದೆ. ರಾತ್ರಿಯಿಡೀ ಹಾಡಿದ ಮೇಳದ ಆಟವನ್ನು ಬೇರೊಬ್ಬರು ಚಿತ್ರೀಕರಿಸಿ ಹಾಕಿದರೆ ಮೇಳಕ್ಕೆ ತಾನಾಗಿ ಏನೂ ಬರುವುದಿಲ್ಲ.

ವಿಕೇಂದ್ರೀಕೃತ ತಾಣಕ್ಕೆ ಒಬ್ಬನೇ ಒಡೆಯನಿಲ್ಲ. ಫ್ರಾನ್ಸ್‌ನ ಫ್ರಾಮಾಸಾಫ್ಟ್ ಸಂಸ್ಥೆ ಅಭಿವೃದ್ಧಿಪಡಿಸಿದ ಪೀರ್‌ಟ್ಯೂಬ್‌ನ ಮೊದಲ ಪೂರ್ಣ ಆವೃತ್ತಿ 2018ರ ಅಕ್ಟೋಬರ್‌ನಲ್ಲಿ ಹೊರಬಂದಿತು. ಈ ತಂತ್ರಾಂಶ ಬಳಸಿ ಯಾರು ಬೇಕಾದರೂ ತಮ್ಮದೇ ಸರ್ವರ್ ನಡೆಸಬಹುದು; ಸರ್ವರ್‌ಗಳು ಪರಸ್ಪರ ಬೆಸೆದುಕೊಂಡು ವಿಡಿಯೊ ಹಂಚಿಕೊಳ್ಳುತ್ತವೆ.

ಹಣದ ದಾರಿ

ಪೀರ್‌ಟ್ಯೂಬ್‌ನ ಮೂಲ ವ್ಯವಸ್ಥೆಯಲ್ಲಿ ಜಾಹೀರಾತಿಲ್ಲ, ಹಣ ಪಾವತಿಯ ಏರ್ಪಾಡೂ ಇಲ್ಲ. 'ಬೆಂಬಲಿಸಿ' ಎಂಬ ಗುಂಡಿ ಒತ್ತಿದರೆ ವಿಡಿಯೊ ಹಾಕಿದವರು ಬರೆದಿಟ್ಟ ಮಾಹಿತಿ ಕಾಣುತ್ತದೆ, ಅಷ್ಟೆ. 2018ರಲ್ಲಿ ಸಾರ್ವಜನಿಕರಿಂದ 53 ಸಾವಿರ ಯೂರೊಗೂ ಹೆಚ್ಚು ದೇಣಿಗೆ ಸಂಗ್ರಹವಾಯಿತಾದರೂ ಅದು ತಂತ್ರಾಂಶದ ಅಭಿವೃದ್ಧಿಗಾಗಿ. ಚಪ್ಪರಕ್ಕೆ ಹಣ ಬಂದಿತು, ಆಟದವರಿಗಲ್ಲ.

ಇತರ ತಾಣಗಳು ಟೋಕನ್ ದಾರಿ ಹಿಡಿದವು. 2017ರಲ್ಲಿ ಆರಂಭವಾದ ಡಿಟ್ಯೂಬ್, ಸ್ಟೀಮ್ ಬ್ಲಾಕ್‌ಚೈನ್ ಆಧರಿಸಿ ನೋಡುಗರ ಮತಕ್ಕೆ ತಕ್ಕಂತೆ ಟೋಕನ್ ಹಂಚಿತು. ಹೆಚ್ಚು ಟೋಕನ್ ಇದ್ದವರ ಮತಕ್ಕೆ ಹೆಚ್ಚು ತೂಕ. ಎಲ್‌ಬಿಆರ್‌ವೈ ಸಂಸ್ಥೆಯ ಟೋಕನ್ ಮಾರಾಟದ ವಿರುದ್ಧ ಅಮೆರಿಕದ ಷೇರು ನಿಯಂತ್ರಣ ಆಯೋಗ 2021ರಲ್ಲಿ ಮೊಕದ್ದಮೆ ಹೂಡಿತು. 2022ರಲ್ಲಿ ತೀರ್ಪು ಸಂಸ್ಥೆಗೆ ವಿರುದ್ಧವಾಯಿತು. 2023ರಲ್ಲಿ ಸಂಸ್ಥೆ ಮುಚ್ಚಿತು.

ಬೆಂಬಲ ಕಡಿಮೆಯೇಕೆ?

ಮೊದಲ ಕಾರಣ, ನೋಡುಗರ ಕೊರತೆ. ಚದುರಿದ ಸರ್ವರ್‌ಗಳಲ್ಲಿ ಹೊಸ ವಿಡಿಯೊ ಕಣ್ಣಿಗೆ ಬೀಳುವುದೇ ಕಷ್ಟ. ಎರಡನೆಯದು, ಪಾವತಿಯ ತೊಡಕು. ಟೋಕನ್ ಕೊಳ್ಳುವುದು, ಅದನ್ನು ರೂಪಾಯಿಗೆ ಬದಲಿಸುವುದು ಸಾಮಾನ್ಯ ನೋಡುಗನಿಗಾಗಲಿ ಕಲಾವಿದನಿಗಾಗಲಿ ಸುಲಭವಲ್ಲ. ಭಾರತದಲ್ಲಿ ಇಂಥ ಆಸ್ತಿಯ ವರ್ಗಾವಣೆಯಿಂದ ಬರುವ ಲಾಭಕ್ಕೆ 2022ರ ಏಪ್ರಿಲ್ 1ರಿಂದ ಶೇ 30ರಷ್ಟು ತೆರಿಗೆ ಇದೆ. ನಿಗದಿತ ಮಿತಿ ಮೀರಿದ ವ್ಯವಹಾರಕ್ಕೆ ಅದೇ ವರ್ಷದ ಜುಲೈ 1ರಿಂದ ಶೇ 1ರಷ್ಟು ಮೂಲದಲ್ಲೇ ಕಡಿತವೂ ಉಂಟು.

ಮೂರನೆಯ ಕಾರಣ ತಾಂತ್ರಿಕವಲ್ಲ. ಜಾತ್ರೆಯ ರಂಗದಲ್ಲಿ ಒಬ್ಬರು ಕೊಟ್ಟದ್ದನ್ನು ಕಂಡು ಮತ್ತೊಬ್ಬರು ಏಳುತ್ತಾರೆ. ಮನೆಯಲ್ಲಿ ಒಬ್ಬಂಟಿಯಾಗಿ ಮೊಬೈಲ್ ನೋಡುವವನಿಗೆ ಕೇಳುವವರಿಲ್ಲ, ಕೊಟ್ಟರೆ ಹೆಸರು ಸಾರುವವರೂ ಇಲ್ಲ.

ಮೇಳಗಳು ಮಾಡಬಹುದಾದದ್ದೇನು?

ಪೀರ್‌ಟ್ಯೂಬ್‌ನ ಬೆಂಬಲದ ಗುಂಡಿಯಡಿ ಮೇಳದ ಯುಪಿಐ ವಿಳಾಸ ಬರೆಯಲು ಅಡ್ಡಿಯಿಲ್ಲ. ಅದೇ ಸಂಕೇತಚಿತ್ರವನ್ನು ವಿಡಿಯೊದಲ್ಲೂ ತೋರಿಸಬಹುದು. ಹಣ ರೂಪಾಯಿಯಲ್ಲಿಯೇ ನೇರವಾಗಿ ಖಾತೆ ಸೇರುತ್ತದೆ. ಕೊಟ್ಟವರು ಒಪ್ಪಿದರೆ ಮುಂದಿನ ವಿಡಿಯೊದ ಆರಂಭದಲ್ಲಿ ಅವರ ಹೆಸರು ಹೇಳಬಹುದು. ಚಿತ್ರೀಕರಣಕ್ಕೆ ಒಪ್ಪುವ ಮುನ್ನವೇ ವಿಡಿಯೊ ಯಾರ ಹೆಸರಿನಲ್ಲಿ ಪ್ರಕಟವಾಗಬೇಕು, ಬಂದ ಹಣದಲ್ಲಿ ಯಾರಿಗೆ ಎಷ್ಟು ಪಾಲು ಎಂಬುದನ್ನು ಬರವಣಿಗೆಯಲ್ಲಿ ನಿರ್ಧರಿಸಿಕೊಳ್ಳುವುದು ಇನ್ನೂ ಮುಖ್ಯ.

ತಾಣ ಯಾವುದೇ ಇರಲಿ, ಹಾಡುವವರು, ಹಿಮ್ಮೇಳದವರು, ವೇಷಭೂಷಣ, ಪ್ರಯಾಣ ಎಲ್ಲಕ್ಕೂ ಮೇಳಕ್ಕೆ ಖರ್ಚು ತಪ್ಪಿದ್ದಲ್ಲ. ಅದಕ್ಕೆ ಒದಗುವ ಆಯೇರಿ ನಿಂತರೆ ವಿಡಿಯೊ ಉಳಿದೀತು, ಮೇಳ ಉಳಿಯದು.