ದಿಕ್ಕಟ್ರ ಪಾರ್ವತಿ: ಪಾನನಿಷೇಧದ ಕಥೆ, ಕಳ್ಳಭಟ್ಟಿಯ ಗಡಿ

'ದಿಕ್ಕಟ್ರ ಪಾರ್ವತಿ' ರಾಜಾಜಿ (ಚಕ್ರವರ್ತಿ ರಾಜಗೋಪಾಲಾಚಾರಿ) ತಮಿಳಿನಲ್ಲಿ ಬರೆದ ಕಥೆ. ಕನ್ನಡದಲ್ಲಿ ಹೇಳುವುದಾದರೆ 'ದಿಕ್ಕಿಲ್ಲದ ಪಾರ್ವತಿ'. ಇದನ್ನು ಬರೆದವರೇ ನಮ್ಮ ಹೊಸೂರು ಸೀಮೆಗೆ ಪಾನನಿಷೇಧವನ್ನೂ ತಂದರು. ಗುಮ್ಮಳಾಪುರ, ತಳಿ, ಡೆಂಕಣಿಕೋಟೆ ಕಡೆಯವರಿಗೆ ಇದು ದೂರದ ಊರಿನ ಕಥೆಯಲ್ಲ.

ಲೇಖಕರು

ರಾಜಾಜಿ ಹುಟ್ಟಿದ್ದು 1878ರ ಡಿಸೆಂಬರ್ 10ರಂದು, ಹೊಸೂರು ಬಳಿಯ ತೊರಪಳ್ಳಿಯಲ್ಲಿ. ಓದಿದ್ದು ಹೊಸೂರು ಮತ್ತು ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ. ವಕೀಲಿ ಮಾಡಿದ್ದು ಸೇಲಂನಲ್ಲಿ. 1925ರಲ್ಲಿ ತಿರುಚೆಂಗೋಡಿನ ಹತ್ತಿರ ಗಾಂಧಿ ಆಶ್ರಮ ತೆರೆದರು. ಕುಡಿತದ ವಿರುದ್ಧವೇ ಮೀಸಲಾದ 'ವಿಮೋಚನಂ' ಪತ್ರಿಕೆಯನ್ನು 1929ರಲ್ಲಿ ಅಲ್ಲಿಂದ ಹೊರಡಿಸಿದರು. ಮುಂದೆ ಹೆಸರಾಂತ ಕಾದಂಬರಿಕಾರರಾದ ಕಲ್ಕಿ ಅದರಲ್ಲಿ ಅವರಿಗೆ ನೆರವಾಗಿದ್ದರು.

ಕಥೆ

ಪಾರ್ವತಿ ಮತ್ತು ಕರುಪ್ಪನ್ ಅನ್ಯೋನ್ಯವಾಗಿದ್ದ ರೈತ ದಂಪತಿ. ಗಂಡ ಕುಡಿತಕ್ಕೆ ಬೀಳುತ್ತಾನೆ, ಸಾಲ ಬೆಳೆಯುತ್ತದೆ. ಸಾಲ ಕೊಟ್ಟವರ ಕಡೆಯವನು ಪಾರ್ವತಿಯ ಅಸಹಾಯಕತೆಯನ್ನು ಬಳಸಿಕೊಳ್ಳುತ್ತಾನೆ. ವಿಷಯ ಹೊಡೆದಾಟಕ್ಕೆ, ಅಲ್ಲಿಂದ ಕೋರ್ಟಿಗೆ ಹೋಗುತ್ತದೆ. ಕುಡಿದವನು ಗಂಡ, ಬೆಲೆ ತೆತ್ತವಳು ಹೆಂಡತಿ. ಕಥೆಯ ತಿರುಳು ಇಷ್ಟೇ.

ಇದನ್ನು ಸಿಂಗೀತಂ ಶ್ರೀನಿವಾಸರಾವ್ 1974ರಲ್ಲಿ ಚಲನಚಿತ್ರ ಮಾಡಿದರು. ಲಕ್ಷ್ಮಿ ಮತ್ತು ಶ್ರೀಕಾಂತ್ ನಟಿಸಿದರು, ವೀಣಾ ವಿದ್ವಾಂಸ ಚಿಟ್ಟಿಬಾಬು ಸಂಗೀತ ನೀಡಿದರು. ಚಿತ್ರೀಕರಣ ನಡೆದದ್ದು ತೊರಪಳ್ಳಿಯಲ್ಲೇ. ಅತ್ಯುತ್ತಮ ತಮಿಳು ಚಿತ್ರವೆಂದು ಇದಕ್ಕೆ ರಾಷ್ಟ್ರಪ್ರಶಸ್ತಿ ಬಂತು. ಅದನ್ನು ನೋಡಲು ರಾಜಾಜಿ ಇರಲಿಲ್ಲ. 1972ರ ಡಿಸೆಂಬರ್ 25ರಂದು ತೀರಿಕೊಂಡಿದ್ದರು.

ಕಾನೂನು

ಮದರಾಸು ಪ್ರಾಂತ್ಯದ ಪ್ರಧಾನಿಯಾದ ರಾಜಾಜಿ 1937ರ ಅಕ್ಟೋಬರ್ 1ರಂದು ಮೊಟ್ಟಮೊದಲು ಪಾನನಿಷೇಧ ಜಾರಿ ಮಾಡಿದ್ದು ಸೇಲಂ ಜಿಲ್ಲೆಯಲ್ಲಿ. ಆಗ ಹೊಸೂರು ಸೀಮೆಯೆಲ್ಲ ಸೇಲಂಗೆ ಸೇರಿತ್ತು. (1965ರಲ್ಲಿ ಧರ್ಮಪುರಿ, 2004ರಲ್ಲಿ ಕೃಷ್ಣಗಿರಿ ಜಿಲ್ಲೆಗಳಾದವು.) ಹೋದ ಆದಾಯ ತುಂಬಿಕೊಳ್ಳಲು 1939ರಲ್ಲಿ ಮಾರಾಟ ತೆರಿಗೆ ಬಂತು. ಯುದ್ಧಕಾಲದಲ್ಲಿ ನಿಷೇಧ ನಿಂತಿತು. 1948ರ ಹೊತ್ತಿಗೆ ಪ್ರಾಂತ್ಯಕ್ಕೆಲ್ಲ ಹಬ್ಬಿತು. 1971ರಲ್ಲಿ ಅದನ್ನು ತೆಗೆಯಬೇಡಿ ಎಂದು ಇಳಿವಯಸ್ಸಿನ ರಾಜಾಜಿ ಮುಖ್ಯಮಂತ್ರಿ ಕರುಣಾನಿಧಿಯವರ ಮನೆಗೇ ಹೋಗಿ ಕೇಳಿಕೊಂಡರು. ಆದರೂ ಅಂಗಡಿಗಳು ತೆರೆದವು. 1973-74ರಲ್ಲಿ ಮತ್ತೆ ಮುಚ್ಚಿದವು, 1981ರಲ್ಲಿ ಮತ್ತೆ ತೆರೆದವು. 2003ರಿಂದ ಚಿಲ್ಲರೆ ಮದ್ಯ ಮಾರಾಟ ಸರ್ಕಾರದ ಟಾಸ್ಮಾಕ್ ಕೈಯಲ್ಲಿದೆ.

ಗಡಿ ಮತ್ತು ಕಳ್ಳಭಟ್ಟಿ

ಕಾನೂನು ಗಡಿಕಲ್ಲಿಗೆ ನಿಲ್ಲುತ್ತದೆ, ಕುಡಿತ ನಿಲ್ಲುವುದಿಲ್ಲ. 1937ರಲ್ಲಿ ಈಚೆ ಅಂಗಡಿ ಮುಚ್ಚಿದಾಗ ಆಚೆಯ ಮೈಸೂರು ಸಂಸ್ಥಾನದಲ್ಲಿ ಅಂಥ ನಿಷೇಧ ಇರಲಿಲ್ಲ. ಆನೇಕಲ್ ಕಡೆಗೂ ನಮಗೂ ನಂಟು, ಮಾತು, ಸಂತೆ ಎಲ್ಲ ಒಂದೇ. ಕಾನೂನು ಮಾತ್ರ ಎರಡಾಯಿತು. ಬೆಲ್ಲ, ಜಾಲಿ ತೊಗಟೆ ಕೊಳೆಸಿ ಕಾಯಿಸುವ ಭಟ್ಟಿಗೆ ಕನ್ನಡದಲ್ಲಿ ಕಳ್ಳಭಟ್ಟಿ, ತಮಿಳಿನಲ್ಲಿ ಕಳ್ಳಚ್ಚಾರಾಯಂ ಎಂಬ ಹೆಸರು ಎಲ್ಲರಿಗೂ ಗೊತ್ತು.

70 ವರ್ಷದ ಮೇಲೆ ಸರದಿ ಆಚೆ ಕಡೆಯದಾಯಿತು. ಕರ್ನಾಟಕ 2007ರ ಜುಲೈ 1ರಿಂದ ಸಾರಾಯಿ ನಿಷೇಧಿಸಿತು. 2008ರ ಮೇ ತಿಂಗಳಲ್ಲಿ ವಿಷಮದ್ಯ ಕುಡಿದು ಬೆಂಗಳೂರು, ಕೋಲಾರ, ಕೃಷ್ಣಗಿರಿ ಜಿಲ್ಲೆಗಳಲ್ಲಿ 150ಕ್ಕೂ ಹೆಚ್ಚು ಮಂದಿ ಸತ್ತರು. ಗಡಿಯ ಎರಡೂ ಕಡೆ ಹೆಣ ಬಿದ್ದವು. 2024ರ ಜೂನ್‌ನಲ್ಲಿ ಕಳ್ಳಕುರಿಚ್ಚಿಯಲ್ಲಿ 60ಕ್ಕೂ ಹೆಚ್ಚು ಜೀವ ಹೋದವು.

ಕೊಲ್ಲುವುದು ಯಾವುದು?

ಇಂಥ ಸಾವುಗಳಿಗೆ ಕಾರಣ ಮೆಥನಾಲ್ ಎಂಬ ಕಾರ್ಖಾನೆ ರಾಸಾಯನಿಕ. ಮದ್ಯದಂತೆಯೇ ಕಾಣುವುದರಿಂದ ಬಾಯಿಗೆ ಗೊತ್ತಾಗುವುದಿಲ್ಲ. ದೇಹದೊಳಗೆ ಅದು ಫಾರ್ಮಿಕ್ ಆಮ್ಲವಾಗಿ ಕಣ್ಣಿನ ನರವನ್ನು ಕೆಡಿಸುತ್ತದೆ. ಹೊಟ್ಟೆನೋವು, ವಾಂತಿ, ಕಣ್ಣು ಮಂಜಾಗುವುದು ಇದರ ಲಕ್ಷಣ. ಕೆಲವೊಮ್ಮೆ ಇವು ಒಂದು ದಿನ ತಡವಾಗಿ ಕಾಣಿಸುತ್ತವೆ. ಪೊಲೀಸರ ಭಯಕ್ಕೆ ಮನೆಯಲ್ಲಿ ಮಲಗಿಸಬೇಡಿ. ಕೂಡಲೇ 108ಕ್ಕೆ ಕರೆ ಮಾಡಿ. ಎರಡೂ ರಾಜ್ಯಕ್ಕೆ ಈ ಸಂಖ್ಯೆ ಒಂದೇ. ಬೇಗ ಸೇರಿದರೆ ಮದ್ದಿದೆ, ಜೀವ ಉಳಿಯುತ್ತದೆ.

ಪಾನನಿಷೇಧ ಬೇಕೇ ಬೇಡವೇ ಎಂಬ ವಾದ ಇನ್ನೂ ಮುಗಿದಿಲ್ಲ. ಆದರೆ ಒಂದು ರಾಜ್ಯ ಮುಚ್ಚಿ ಇನ್ನೊಂದು ತೆರೆದಿಟ್ಟರೆ ನಡುವೆ ಸಿಕ್ಕುವವಳು ಗಡಿಹಳ್ಳಿಯ ಪಾರ್ವತಿಯೇ.